ಮೆಕ್ಕೆಜೋಳದ ಕುಬಸ

ಬನ್ನಿಗಡ್ಡಿಯ ಕಸ್ತೂರಿಬಾಯಿಗೆ ನಿಂತಲ್ಲೇ ನಿಂತುಬಿಡುವ ಚಟವಿತ್ತು. ನೀರು ಸೇದಲು ಹೋದರೆ ಹಗ್ಗ ಕೈಯಲ್ಲಿರುತ್ತಿತ್ತು, ಕೊಡ ಬಾವಿಯಲ್ಲಿರುತ್ತಿತ್ತು, ಅವಳು ಮಾತ್ರ ಅಲ್ಲಿರುತ್ತಿರಲಿಲ್ಲ. ಹೆಂಚಿನ ಮೇಲೆ ರೊಟ್ಟಿ ಕರಿಯಾಗಿ ಹೊಗೆಯೆದ್ದರೂ ಒಲೆಯ ಉರಿಯಲ್ಲಿ ಏನನ್ನೋ ನೋಡುತ್ತ ಕೂತಿರುತ್ತಿದ್ದಳು. ಯಾರಾದರೂ ಬಂದು "ಕಸ್ತೂರಿ ಎಲ್ಲಿ?" ಎಂದು ಕೇಳಿದರೆ, "ಇಲ್ಲೇ ಕುಂತಾಳ ನೋಡ್ರಿ, ಆದ್ರ ಊರಾಗಿಲ್ಲ," ಎಂದು ಅವಳ ಅಣ್ಣನ ಹೆಂಡತಿ ಗುರುಶಾಂತಮ್ಮ ಹೇಳುತ್ತಿದ್ದಳು. ಹೇಳುತ್ತ ತಾನೇ ಎದ್ದು ರೊಟ್ಟಿ ತಿರುವಿ ಹಾಕುತ್ತಿದ್ದಳು.

ಬನ್ನಿಗಡ್ಡಿಯೆಂದರೆ ಅಫಜಲಪುರದಿಂದ ಭೀಮೆಯ ಕಡೆಗೆ ಹೊರಟ ಬಸ್ಸು ಇನ್ನು ಮುಂದೆ ದಾರಿಯಿಲ್ಲವೆಂದು ತಿರುಗಿಕೊಳ್ಳುವ ಊರು. ಕಸ್ತೂರಿ ಹುಟ್ಟಿದ್ದು ಅಲ್ಲೇ. ಯಡ್ರಾಮಿ ಕಡೆಯ ಒಕ್ಕಲು ಮನೆಯೊಂದಕ್ಕೆ ಅವಳನ್ನು ಕೊಟ್ಟಿದ್ದರು. ವರ್ಷಗಳು ಕಳೆದರೂ ಅವಳ ಉಡಿ ತುಂಬಲಿಲ್ಲ. ಅತ್ತೆ ಮಠದ ಭಸ್ಮ ತಿನ್ನಿಸಿದಳು, ಅರಳಿಕಟ್ಟೆ ಸುತ್ತಿಸಿದಳು, ಆಳಂದದ ದರ್ಗಾಕ್ಕೆ ಕರೆದೊಯ್ದು ದಾರ ಕಟ್ಟಿಸಿದಳು. ಗಂಡನ ಕೈಗೆ ಮಾತ್ರ ಯಾರೂ ಒಂದು ದಾರ ಕಟ್ಟಲಿಲ್ಲ. ಅವನನ್ನು ದವಾಖಾನೆಗೆ ಕರೆದೊಯ್ದು ನೋಡಿಸಬೇಕೆಂದು ಆ ಮನೆಯಲ್ಲಿ ಒಂದು ಬೆಕ್ಕಿಗೂ ಹೊಳೆಯಲಿಲ್ಲ. ಕೊನೆಗೊಂದು ದಿನ ಅವನು ಮತ್ತೊಬ್ಬಳನ್ನು ತಂದ. ಕಸ್ತೂರಿಯ ಅಣ್ಣ ಬಸವಂತರಾಯ ಗಾಡಿ ಕಟ್ಟಿಕೊಂಡು ಹೋಗಿ, ತಂಗಿಯನ್ನೂ ಅವಳ ಪೆಟ್ಟಿಗೆಯನ್ನೂ ಹೇರಿಕೊಂಡು ಬಂದ.

ತವರಿನಲ್ಲಿ ಅವಳಿಗೆ ಕಷ್ಟವಿತ್ತೆಂದರೆ ಸುಳ್ಳಾದೀತು. ಅಣ್ಣ ಒಳ್ಳೆಯವನು. ವೈನಿ ಗುರುಶಾಂತಮ್ಮನ ಬಾಯಿ ಜೋರು, ಕೈ ಧಾರಾಳ. ಅಣ್ಣನ ಮಕ್ಕಳು ಅವಳ ಬೆನ್ನ ಮೇಲೇ ಬೆಳೆದವು. ಉಣ್ಣಲಿಕ್ಕೆ, ಉಡಲಿಕ್ಕೆ, ನಿಂತಲ್ಲಿ ನಿಂತು ಕನಸು ಕಾಣಲಿಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಇದ್ದದ್ದು ವರ್ಷಕ್ಕೊಂದು ದಿನದ ಮಾತು. ಅದು ಬಿತ್ತಿಗೆಯ ದಿನ.

ನಮ್ಮ ಕಡೆ ಬಿತ್ತಿಗೆಯಲ್ಲಿ ಗಂಡಸಿನದು ಅರ್ಧ ಕೆಲಸ, ಹೆಂಗಸಿನದು ಅರ್ಧ. ಗಂಡಸು ಕೂರಿಗೆ ಹಿಡಿದು ಎತ್ತು ಹೊಡೆಯುತ್ತಾನೆ. ಹೆಂಗಸು ಉಡಿಯಲ್ಲಿ ಬೀಜ ಕಟ್ಟಿಕೊಂಡು ಹಿಂದೆ ನಡೆಯುತ್ತ ಕೂರಿಗೆಯ ಬಟ್ಟಲಿಗೆ ಹಿಡಿ ಹಿಡಿಯಾಗಿ ಬಿಡುತ್ತಾಳೆ. ಆ ಉಡಿ ಮಕ್ಕಳೊಂದಿಗಳ ಉಡಿಯಾಗಿರಬೇಕೆಂಬುದು ಮೊದಲಿನಿಂದ ಬಂದ ಪದ್ಧತಿ. ಗುರುಶಾಂತಮ್ಮ ಅದನ್ನು ಕಟ್ಟಿದವಳಲ್ಲ, ಆದರೆ ಬಿಡುವ ಧೈರ್ಯವೂ ಅವಳಿಗಿರಲಿಲ್ಲ. ಮನೆಯ ಜೋಳ ಹೋದರೆ ಯಾರು ಹೊಣೆ? ಹಾಗಾಗಿ ಆ ದಿನ ಕಸ್ತೂರಿ ನಸುಕಿನಲ್ಲೆದ್ದು ಎಲ್ಲರಿಗೂ ರೊಟ್ಟಿ ಬಡಿಯುತ್ತಿದ್ದಳು. ಮಧ್ಯಾಹ್ನ ಬುತ್ತಿ ಹೊತ್ತು ಹೋಗಿ, ಬದುವಿನ ಈಚೆಗಿದ್ದ ಬನ್ನಿಗಿಡದ ಬುಡದಲ್ಲಿ ಕೂತು, ಅವರು ಸಾಲು ಮುಗಿಸಿ ಬರುವುದನ್ನು ಕಾಯುತ್ತಿದ್ದಳು. ಬದು ದಾಟುತ್ತಿರಲಿಲ್ಲ. ಯಾರೂ ದಾಟಬೇಡವೆಂದು ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಪ್ರಸಂಗ ಬರದಂತೆ ಅವಳೇ ನೋಡಿಕೊಂಡಿದ್ದಳು. ಆದರೆ ಕರಿ ಮಣ್ಣಿನೊಳಗೆ ವೈನಿಯ ಬೆರಳ ಸಂದಿಯಿಂದ ಜೋಳ ಇಳಿಯುವುದನ್ನು ನೋಡುವಾಗ ಅವಳ ಬಲಗೈ ಸೆರಗಿನೊಳಗೆ ತಾನಾಗಿ ಮುಷ್ಟಿ ಕಟ್ಟುತ್ತಿತ್ತು. ಒಂದು ಹಿಡಿ ಬೀಜ ತನ್ನ ಕೈಯಿಂದ ಮಣ್ಣಿಗೆ ಬೀಳಬೇಕು, ಅದು ಮೊಳೆಯಬೇಕು. ಅವಳ ಎಲ್ಲ ಕನಸುಗಳ ತಳದಲ್ಲಿ ಇದ್ದದ್ದು ಇಷ್ಟೇ.

ಆ ಆಸೆಗೆ ದಾರಿ ತೆರೆದದ್ದು ಅಣ್ಣನ ಹುಚ್ಚು. ಬಸವಂತರಾಯ ಆರಂಭಶೂರ. ಒಮ್ಮೆ ಜೇನುಪೆಟ್ಟಿಗೆ ತಂದ, ಹುಳ ಹಾರಿಹೋದವು, ಪೆಟ್ಟಿಗೆಯಲ್ಲಿ ಕೋಳಿ ಕಾವಿಗೆ ಕೂತಿತು. ಒಮ್ಮೆ ಮೊಲ ತಂದ, ಅವು ಬಿಲ ತೋಡಿ ಊರು ಬಿಟ್ಟವು. ತೊಂಬತ್ತರ ದಶಕದ ನಡುವಿನ ಒಂದು ವರ್ಷ, ದೀಪಾವಳಿಗೆ ಮುಂಚೆ, ಸೋಲಾಪುರಕ್ಕೆ ಹೋದವನು ಅಲ್ಲಿ ಯಾವುದೋ ಕೃಷಿ ಪ್ರದರ್ಶನ ನೋಡಿ, ಬಸ್ಸಿನ ನೆತ್ತಿಯ ಮೇಲೆ ಪ್ಲಾಸ್ಟಿಕ್ ಹಾಳೆಯ ದೊಡ್ಡ ಸುರುಳಿ ಹೇರಿಕೊಂಡು ಬಂದಿಳಿದ. ಕಿಸೆಯಲ್ಲಿ ಒಂದು ಬೀಜದ ಪಾಕೀಟಿತ್ತು.

"ಸಿಹಿ ಮೆಕ್ಕಿಜ್ವಾಳ! ಪ್ಲಾಸ್ಟಿಕ್ ಮನಿ ಕಟ್ಟಿ ಒಳಗ ಬೆಳಿತಾರ. ಥಂಡಿ ತಾಗಂಗಿಲ್ಲ, ಗಿಳಿ ಬರಂಗಿಲ್ಲ. ಸೋಲಾಪುರದಾಗ ಕುದಿಸಿ ಉಪ್ಪು ಹಚ್ಚಿ ಕೊಡ್ತಾರ, ಮಂದಿ ನಿಂತು ನಿಂತು ತಿಂತಾರ," ಎಂದ.

"ಹ್ಯಾಂಗ ಬೆಳಿಬೇಕಂತ ಕೇಳಿಕೊಂಡು ಬಂದೀರೇನ್ರಿ?" ಎಂದು ಗುರುಶಾಂತಮ್ಮ ಕೇಳಿದಳು.

"ಕೇಳೀನಿ. ಅರ್ಧಾ ಕೇಳೀನಿ. ಅಷ್ಟರಾಗ ಬಸ್ಸಿನ ಹೊತ್ತಾತು."

ಮದುವೆ ಮಂಟಪ ಹಾಕುವ ಲಾಡ್ಲೆಸಾಬ ಬಂದ. ಬಾವಿಯ ಪಕ್ಕದ ತುಂಡು ಹೊಲದಲ್ಲಿ ಬಿದಿರು ಬಗ್ಗಿಸಿ ಸಾಲಾಗಿ ಕಮಾನು ನಿಲ್ಲಿಸಿದ. ಆಳು ಕೈ ಎತ್ತಿ ನಡೆಯುವಷ್ಟು ಎತ್ತರ, ಗಾಡಿ ಹಾಯುವಷ್ಟು ಅಗಲ. ಮೇಲೆ ಹಾಳೆ ಎಳೆದು ಅಂಚನ್ನು ಮಣ್ಣಿನಲ್ಲಿ ಹೂತ. ಎರಡೂ ತುದಿಗೆ ಪರದೆಯಂಥ ಬಾಗಿಲು ಬಿಟ್ಟ. ದಾರಿಯಲ್ಲಿ ಹೋಗುವವರೆಲ್ಲ "ಯಾರ ಲಗ್ನರೀ ಗೌಡ್ರ?" ಎಂದು ಕೇಳುವವರೇ. ಬಸವಂತರಾಯನಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಬೇಸರ ಬಂತು. ಬೀಜ ಹಾಕುವ ಹೊತ್ತಿಗೆ ಅವನ ತಲೆಯಲ್ಲಿ ಗೋಬರ್ ಗ್ಯಾಸು ಕೂತಿತ್ತು.

ಅಟ್ಟದ ಗೂಡಿನಲ್ಲಿ ಬಿದ್ದಿದ್ದ ಪಾಕೀಟನ್ನು ಕಸ್ತೂರಿಯೇ ತೆಗೆದು ವೈನಿಯ ಮುಂದೆ ಹಿಡಿದು ನಿಂತಳು.

ಗುರುಶಾಂತಮ್ಮ ಅವಳ ಮುಖವನ್ನೂ ಪಾಕೀಟನ್ನೂ ನೋಡಿದಳು. "ಅದೇನು ಹೊಲಾನಾ? ಲಾಡ್ಲೆಸಾಬನ ಮಂಟಪ. ಬೇಕಾದ್ರ ನೀನೇ ಹಾಕ್ಕೋ," ಎಂದು ಒಲೆಯ ಕಡೆ ತಿರುಗಿದಳು.

ಕಸ್ತೂರಿ ಅರ್ಧ ಬೀಜಕ್ಕೆ ಬೂದಿ ಬೆರೆಸಿ ಗಡಿಗೆಯಲ್ಲಿ ಕಟ್ಟಿಟ್ಟಳು. ಉಳಿದರ್ಧವನ್ನು ಉಡಿಗೆ ಹಾಕಿಕೊಂಡು ಹೋದಳು. "ಉದ್ದಕ ಸಾಲು ಹಿಡಿಬ್ಯಾಡ ಅಂದಾರ, ಚೌಕಾಗಿ ಹಾಕು. ಯಾಕಂತ ಕೇಳಬ್ಯಾಡ, ಅದು ಇನ್ನೊಂದರ್ಧದಾಗಿತ್ತು," ಎಂದು ಅಣ್ಣ ದೂರದಿಂದಲೇ ಕೂಗಿದ್ದ. ಅವಳು ಚೌಕಾಗಿಯೇ ಹಾಕಿದಳು. ಬೆರಳಿನಿಂದ ಕುಳಿ ಮಾಡಿ, ಒಂದೊಂದೇ ಬೀಜ ಬಿಟ್ಟು, ಮಣ್ಣು ಮುಚ್ಚಿ ಅಂಗೈಯಿಂದ ತಟ್ಟಿದಳು. ಕೊನೆಯ ಬೀಜ ಮುಚ್ಚಿದ ಮೇಲೆ ಮೊಣಕಾಲೂರಿ ಕೂತಲ್ಲೇ ಎಷ್ಟು ಹೊತ್ತು ಇದ್ದಳೋ. ಆಗಂತೂ ಅವಳು ಊರಲ್ಲಿರಲಿಲ್ಲ.

ಮೊಳಕೆ ಬಂದ ದಿನದಿಂದ ಅವಳಿಗೆ ಆ ಪ್ಲಾಸ್ಟಿಕ್ ಮನೆಯೇ ಮನೆಯಾಯಿತು. ಹೊರಗೆ ಬಯಲು ಬಿಸಿಲು ಕಣ್ಣು ಕುಕ್ಕುತ್ತಿದ್ದರೆ ಒಳಗೆ ಹಾಲಿನಲ್ಲಿ ಅದ್ದಿ ತೆಗೆದ ಬೆಳಕು. ಬೆಳಿಗ್ಗೆ ಹಾಳೆಯ ಒಳಮೈಯೆಲ್ಲ ಹನಿಗಟ್ಟಿರುತ್ತಿತ್ತು. ಹೊತ್ತೇರಿದಂತೆ ಹನಿಗಳು ಒಂದನ್ನೊಂದು ಕೂಡಿಕೊಂಡು ನಿಧಾನಕ್ಕೆ ಜಾರಿ ಎಲೆಯ ಮೇಲೆ ತೊಟ್ಟಿಕ್ಕುತ್ತಿದ್ದವು. ಹೊರಗಿನ ಎತ್ತಿನ ಗಂಟೆ, ಬಸ್ಸಿನ ಹಾರನ್ನು, ಮಕ್ಕಳ ಜಗಳ ಎಲ್ಲವೂ ನೀರೊಳಗಿಂದ ಕೇಳಿದಂತೆ ಮೆತ್ತಗಾಗಿ ಬರುತ್ತಿದ್ದವು. ಗಿಡ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಒಂದು ದಿನ ನೋಡಿದರೆ ಹೆಗಲ ಸರಿ ನಿಂತಿತ್ತು. ಎಲೆಯ ಸುಳಿಯೊಳಗೆ ಮುಖವಿಟ್ಟರೆ ಎಳೆ ಮಗುವಿನ ನೆತ್ತಿಯ ವಾಸನೆ. ಅಣ್ಣನ ಮಕ್ಕಳನ್ನು ಎತ್ತಿ ಆಡಿಸಿದವಳಿಗೆ ಆ ವಾಸನೆ ಗೊತ್ತಿತ್ತು. ಅವಳು ಅಲ್ಲಿ ನಿಂತು ಅಳುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಬರೀ ನಿಂತಿರುತ್ತಿದ್ದಳು, ಅಷ್ಟೇ ಸುಖವಾಗಿತ್ತು.

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಗಿಡಗಳ ತಲೆಯ ಮೇಲೆ ಹೂಗೊಂಚಲಿನ ಸೂಲಂಗಿ ಒಡೆಯಿತು. ಅದರ ಬೆನ್ನಿಗೇ ಕಾಂಡದ ನಡುವಿನಲ್ಲಿ ತೆನೆಯೊಂದು ಸಿಪ್ಪೆಯೊಳಗಿಂದ ನುಣುಪಾದ ಹಸಿರುಗೂದಲು ಹೊರಹಾಕಿತು. ಆಗ ಹೊಲಗಳಲ್ಲಿ ಜೋಳವೂ ತುಂಬು ಬಸುರಿ. ಊರಿಗೆ ಊರೇ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮ್ತಾಯಿಯ ಬಯಕೆಗೆಂದು ಕಾಳು-ಸೊಪ್ಪಿನ ಭಜ್ಜಿ, ಕಡಬು, ಸಜ್ಜೆ ರೊಟ್ಟಿಯ ಚರಗ ಚೆಲ್ಲಿ, ತಾನೂ ಉಂಡು ಬಂತು. ಎಲ್ಲರೂ ಮನೆಗೆ ಮರಳಿದ ಮೇಲೆ ಕಸ್ತೂರಿ ಒಂದು ಬಟ್ಟಲು ಭಜ್ಜಿಯನ್ನು ಮುಚ್ಚಿ ತಂದು ಪ್ಲಾಸ್ಟಿಕ್ ಮನೆಯ ನಾಲ್ಕು ಮೂಲೆಗೆ ಹಾಕಿದಳು. ಹಾಕಿ ನಿಂತಾಗ ಅವಳಿಗೆ ಹೊಳೆಯಿತು: ಇವಕ್ಕೆ ಕುಬಸ ಮಾಡಬೇಕು.

ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಹೊಸ ಕುಬಸ ಕೊಟ್ಟು ಆರತಿ ಮಾಡುವ ಆ ಹಬ್ಬ ಕಸ್ತೂರಿಯ ಬಾಳಿಗೆ ಬಂದಿರಲಿಲ್ಲ. ಮದುವೆಯಲ್ಲಿ ಅವಳ ತಾಯಿ ಮಾತ್ರ ಹಸಿರು ಇಳಕಲ್ ಸೀರೆಯೊಂದನ್ನು ಪೆಟ್ಟಿಗೆಯ ತಳದಲ್ಲಿಟ್ಟು, "ಇದು ಆವಾಗ ಉಟ್ಟುಕೋ," ಎಂದು ಕಳಿಸಿದ್ದಳು. ಮಡಿಕೆಯ ಗೆರೆಗಳೂ ಕದಲದಂತೆ ಆ ಸೀರೆ ಯಡ್ರಾಮಿಗೆ ಹೋಗಿ ಯಡ್ರಾಮಿಯಿಂದ ಬಂದಿತ್ತು. ಕಸ್ತೂರಿ ಅದನ್ನು ಹೊರತೆಗೆದು ಪ್ಲಾಸ್ಟಿಕ್ಕಿನ ಮೇಲೆ ಉದ್ದಕ್ಕೆ ಹೊದಿಸಿದಳು. ಸಾಲದೆ ಹೋದಲ್ಲಿ ಹಳೆ ಸೀರೆಗಳನ್ನು ಹಾಕಿದಳು. ಒಂದು ಗಿಡಕ್ಕೆ ಐದು ಹಸಿರು ಬಳೆ ಕಟ್ಟಿ ಅರಿಶಿನ ಹಚ್ಚಿದಳು. ಆಮೇಲೆ, ಬಾಣಂತಿ ಕೋಣೆಗೆ ಗಾಳಿ ಹಾಯಬಾರದೆಂದು ಸಂದುಗೊಂದನ್ನೆಲ್ಲ ಮುಚ್ಚುತ್ತಾರಲ್ಲ, ಹಾಗೆ ಎರಡೂ ಬಾಗಿಲನ್ನು ಗೋಣಿದಾರದಿಂದ ಹೊಲಿದು ಭದ್ರ ಮಾಡಿದಳು. ನೀರುಣಿಸುವಾಗಷ್ಟೇ ಒಂದು ಮೂಲೆ ಬಿಚ್ಚಿ ಒಳಗೆ ನುಸುಳುತ್ತಿದ್ದಳು. ಎಲೆಗೆ ಸೆರಗು ತಾಗದಂತೆ ಅಡ್ಡಡ್ಡ ನಡೆದು, ಉಸಿರನ್ನೂ ಮೆಲ್ಲಗೆ ಬಿಟ್ಟು, ಹೊರಬಂದು ಮತ್ತೆ ಹೊಲಿಯುತ್ತಿದ್ದಳು. ಸೀರೆಗಳ ಬೆಳಕು ಒಳಗೆ ಹಸಿರಾಗಿ, ಕೆಂಪಾಗಿ ಬಿದ್ದು, ಗಿಡಗಳು ಎಲ್ಲಿಯೋ ದೂರದ ನಿದ್ದೆಯಲ್ಲಿರುವಂತೆ ಕಾಣುತ್ತಿದ್ದವು.

ಇಂಥ ಮುಚ್ಚಟೆಗೆ ದೃಷ್ಟಿ ತೆಗೆಯಲೆಂದೇ ದೇವರು ಖಾಸೀಂಬಿಯ ಆಡನ್ನು ಸೃಷ್ಟಿಸಿದ್ದನೇನೋ. ಖಾಸೀಂಬಿ ಬಾವಿಯಾಚೆಯ ಮನೆಯವಳು, ಕಸ್ತೂರಿಯ ಜೊತೆ ಆಡಿ ಬೆಳೆದವಳು. ಅವಳ ಆಡು ಒಂದು ಮಧ್ಯಾಹ್ನ ಬಂದು ಹಸಿರು ಸೀರೆಯ ಸೆರಗನ್ನು ಕಂಡಿತು, ಕಚ್ಚಿ ಎಳೆಯಿತು, ಅದು ಬಾರದಿದ್ದಾಗ ಮುಂಗಾಲೆತ್ತಿ ಹಾರಿತು. ಕೊಂಬು ಸಿಕ್ಕಿ ಮೂಲೆಯ ಹಾಳೆ ಮೊರದಗಲ ಹರಿಯಿತು. ಕಸ್ತೂರಿ ಓಡಿಬರುವಷ್ಟರಲ್ಲಿ ತಾಯಿ ಕೊಟ್ಟ ಸೀರೆಯ ಸೆರಗು ಆಡಿನ ಹೊಟ್ಟೆಯಲ್ಲಿ ಒಂದು ಗೇಣು ಇಳಿದಿತ್ತು.

"ಏನ್ ಬೇ ಖಾಸೀಂಬಿ! ನಿನ್ನ ಆಡಿಗೆ ಈ ಊರಾಗ ಬ್ಯಾರೆ ಮೇವಿಲ್ಲೇನು?"

"ಮೂಕ ಪ್ರಾಣಿ ಬೇ! ಸೀರಿ ಯಾವುದು, ಸೊಪ್ಪು ಯಾವುದು ಅದಕ್ಕೇನ್ ಖಬರು? ಹಸರು ಕಂಡ್ತು, ಬಂತು," ಎಂದ ಖಾಸೀಂಬಿಗೆ ನಗು ತಡೆಯಲಾಗಲಿಲ್ಲ. "ಅಲ್ಲಾ, ಜ್ವಾಳಕ್ಕ ಕುಬಸ ಮಾಡಿದಾಕಿನ್ನ ನಾ ಎಲ್ಲೂ ಕಂಡಿಲ್ಲವ್ವ."

ಅವಳು ಕೆಟ್ಟದ್ದಕ್ಕೆ ನಕ್ಕಿರಲಿಲ್ಲ. ಆದರೆ ಆ ನಗು ಕಸ್ತೂರಿಯ ಎದೆಗೆ ನೇರ ಹೋಗಿ ನಾಟಿತು. "ಇನ್ನ ಮ್ಯಾಲ ನನ್ನ ಸಂಗಟ ಮಾತಾಡಬ್ಯಾಡ," ಎಂದು ಬಂದುಬಿಟ್ಟಳು. ಹರಿದ ಕಡೆ ಗೋಣಿ ಕಟ್ಟಿದಳು, ಆಡು ಮತ್ತೆ ಕಿತ್ತಿತು. ಮತ್ತೆ ಕಟ್ಟಿದಳು, ಮತ್ತೆ ಕಿತ್ತಿತು. ಸಾಕಾಗಿ ಬಿಟ್ಟಳು. ಆ ತೂತಿನ ಬಾಯಲ್ಲಿ ಹರಕು ಸೆರಗು ಹಗಲೆಲ್ಲ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಅತ್ತ ಕಡೆ ನೋಡಲಿಕ್ಕೇ ಅವಳಿಗೆ ಬೇಸರವಾಗುತ್ತಿತ್ತು.

ತೆನೆಯ ಕೂದಲು ಒಣಗಿ ಕಂದಾದ ಮೇಲೆ ಕೀಳುವ ದಿನ ಬಂತು. ಬಸವಂತರಾಯನ ಹುಚ್ಚಿಗೆ ಮತ್ತೆ ಜೀವ ಬಂದಿತ್ತು. ಲಾಡ್ಲೆಸಾಬನನ್ನು ಕರೆದ, ಓಣಿಯ ನಾಲ್ಕು ಹೆಂಗಸರೂ ಬಂದರು. ಅಂಗಳದಲ್ಲಿ ಕಲ್ಲೊಲೆ ಹೂಡಿ ನೀರು ಕಾಯಲಿಟ್ಟರು. ಕಸ್ತೂರಿ ಬಾಗಿಲ ಬಳಿಯ ಗಿಡಗಳಿಂದ ಒಂದು ಬುಟ್ಟಿ ತೆನೆ ಕಿತ್ತು ತಂದು, ಎಲ್ಲರ ನಡುವೆ ಕೂತು, ಮೊದಲನೆಯ ತೆನೆಯ ಸಿಪ್ಪೆ ಸುಲಿದಳು.

ದಿಂಡಿನ ಮೇಲೆ ಅಲ್ಲೊಂದು ಇಲ್ಲೊಂದು ಕಾಳು. ಮುದುಕಿಯ ಬಾಯಲ್ಲಿ ಉಳಿದ ಹಲ್ಲಿನಂತೆ. ನಡುವೆಲ್ಲ ಬೋಳು.

ಇನ್ನೊಂದು ಸುಲಿದಳು. ಮತ್ತೊಂದು. ಸುಲಿಯುತ್ತಲೇ ಹೋದಳು. "ಬೀಜಾನ ಖೊಟ್ಟಿ ಇದ್ದಾವು," ಎಂದ ಬಸವಂತರಾಯ. ಹಿಂದೆ ಕೂತಿದ್ದ ಹೆಂಗಸೊಬ್ಬಳು ಮೆಲ್ಲಗೆ ಅಂದಳು: "ಖಾಲಿ ಉಡಿಯಾಕಿ ಬಿತ್ತಿದ್ರ ಮತ್ತೇನ್..." ಲಾಡ್ಲೆಸಾಬ ಗಟ್ಟಿಯಾಗಿ ಕೆಮ್ಮಿದ. ಮಾತು ಅಲ್ಲಿಗೇ ನಿಂತಿತು, ಆದರೆ ಆಡಬೇಕಾದ್ದನ್ನು ಆಡಿಯಾಗಿತ್ತು. ಗುರುಶಾಂತಮ್ಮ ಬೋಳು ದಿಂಡುಗಳನ್ನು ಬಳಿದುಕೊಂಡು ಎಮ್ಮೆಯ ಮುಂದೆ ಹಾಕಿದಳು. ಅವಳು ಬೈದಿದ್ದರೆ ಒಳ್ಳೆಯದಿತ್ತು.

ಕಸ್ತೂರಿ ಹಟ್ಟಿಯ ಹಿಂದೆ ಕೂತು ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಯಡ್ರಾಮಿಯಲ್ಲಿ ಅತ್ತೆ ಅಂದಾಗಲೂ ಒಳಗೆಲ್ಲೋ ಒಂದು ಮೂಲೆ ಅದನ್ನು ನಂಬಿರಲಿಲ್ಲ. ಈಗ ಆ ಮೂಲೆಯೂ ನಂಬಿತು. ತನ್ನ ಕೈಯೇ ಬಂಜೆ, ಮುಟ್ಟಿದ್ದೆಲ್ಲ ಬಂಜೆ.

ಮರುದಿನ ಒಣಗಿಡ ಕಿತ್ತು ಜಾಗ ಖಾಲಿ ಮಾಡಲು ಹೋದಳು. ಕೀಳುತ್ತ ಕೀಳುತ್ತ ಆಡು ಹರಿದ ಮೂಲೆಗೆ ಬಂದಳು. ಅಲ್ಲಿನ ಗಿಡವೊಂದನ್ನು ಎಳೆಯಲು ತೆನೆಯ ಮೇಲೆ ಕೈ ಹಾಕಿದರೆ ತೂಕ ಬೇರೆಯಾಗಿತ್ತು. ಸಿಪ್ಪೆ ಸುಲಿದಳು. ಬುಡದಿಂದ ತುದಿಯವರೆಗೆ, ಸೂಜಿ ಊರಲೂ ಜಾಗವಿಲ್ಲದಂತೆ, ಹಳದಿ ಕಾಳು. ಪಕ್ಕದ ಗಿಡದ್ದು ಸುಲಿದಳು, ಅದೂ ಹಾಗೆಯೇ. ತೂತಿನ ಸುತ್ತ ನಿಂತ ಗಿಡಗಳೆಲ್ಲ ಹಾಗೆಯೇ. ತೂತಿನಿಂದ ದೂರ ಹೋದಂತೆ ಕಾಳು ವಿರಳವಾಗುತ್ತ ಹೋಗಿ, ಆಚೆ ತುದಿಯ ಹೊಲಿದ ಬಾಗಿಲ ಬಳಿ ಬೋಳು.

ಕಸ್ತೂರಿ ನಿಂತಲ್ಲೇ ನಿಂತಳು. ಅವಳು ಜೀವಮಾನವಿಡೀ ನಿಂತದ್ದೆಲ್ಲ ಈ ಒಂದು ನಿಲುವಿಗೆ ಅಭ್ಯಾಸವಾಗಿತ್ತೆಂದು ಬೇಕಾದರೆ ಹೇಳಬಹುದು. ಹರಕು ಸೆರಗು ಪಟಪಟ ಬಡಿಯುತ್ತಲೇ ಇತ್ತು, ಬಡಿದಾಗೆಲ್ಲ ಒಣ ಸೂಲಂಗಿ ಅಲುಗುತ್ತಿತ್ತು. ಹೂವಾದ ದಿನಗಳಲ್ಲಿ ಈ ಮೂಲೆಗೆ ನೀರುಣಿಸಿ ಹೊರಬಂದಾಗ ತಲೆಯ ಮೇಲೆ ಹಳದಿ ಪುಡಿ ಬಿದ್ದಿರುತ್ತಿದ್ದುದು ನೆನಪಾಯಿತು. ಬೇರೆ ಕಡೆ ಪುಡಿ ಸೂಲಂಗಿಯ ಕೆಳಗಿನ ಎಲೆಯಲ್ಲೇ ಕೂತು ಉಳಿದಿತ್ತು. ಒಂದು ಬೋಳು ತೆನೆಯನ್ನು ಮತ್ತೆ ಎತ್ತಿಕೊಂಡು ನೋಡಿದಳು. ಕಾಳು ಕಟ್ಟಿದ ಕಡೆ ಕೂದಲು ಮುಟ್ಟಿದರೆ ತಾನಾಗಿ ಕಳಚಿ ಬಂತು. ಕಾಳಿಲ್ಲದ ಕಡೆ ಕೂದಲು ಇನ್ನೂ ದಿಂಡಿಗೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಒಂದೊಂದು ಕೂದಲೂ ಒಂದೊಂದು ಕಾಳಿನ ದಾರಿ. ಮೇಲಿನ ಪುಡಿ ಬಂದು ಮುಟ್ಟಲೆಂದು ಅವು ಕಾದಿದ್ದವು. ಬಯಲಲ್ಲಾದರೆ ಆ ಪುಡಿಯನ್ನು ಒಯ್ಯಲು ಗಾಳಿಯಿರುತ್ತದೆ, ಇಲ್ಲಿ ಗಾಳಿಗೆ ಬಾಗಿಲು ಹೊಲಿದವಳು ತಾನೇ. ಗಾಳಿ ಬಂದಾಗ ತೂರಿಕೋ ಎಂದು ಗಾದೆ ಕಟ್ಟಿದವರು, ಗಾಳಿಯನ್ನೇ ಹೊರಗಿಟ್ಟು ಕೂತವಳಿಗೆ ಏನು ಹೇಳಿಯಾರು?

ಅವಳು ತುಂಬಿದ ಎರಡು ತೆನೆ ಹಿಡಿದು ಮೊದಲು ಹೋದದ್ದು ಖಾಸೀಂಬಿಯ ಮನೆಗೆ. ಖಾಸೀಂಬಿ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಒಂದು ನಿನಗ, ಒಂದು ನಿನ್ನ ಆಡಿಗ," ಎಂದಳು ಕಸ್ತೂರಿ.

"ಮಾತಾಡಬ್ಯಾಡ ಅಂದಿದ್ದೆಲ್ಲ ಬೇ?"

"ನಾ ನಿನ್ನ ಸಂಗಟ ಮಾತಾಡಾಕತ್ತಿಲ್ಲ, ಆಡಿನ ಸಂಗಟ ಮಾತಾಡಾಕ ಬಂದೀನಿ."

ಖಾಸೀಂಬಿ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡು, "ಆ ಸೀರಿ ಇಲ್ಲಿ ಕೊಡು, ತ್ಯಾಪಿ ಹಾಕಿ ಕೊಡ್ತೇನಿ," ಎಂದಳು. ತನ್ನ ಮದುವೆಯ ಹಸಿರು ದುಪಟ್ಟಾದ ಅಂಚು ಕತ್ತರಿಸಿ, ಆಡು ತಿಂದ ಸೆರಗಿಗೆ ಹಚ್ಚಿ ಹೊಲಿದುಕೊಟ್ಟಳು.

ವೈನಿಯ ಮುಂದೆ ಹೋಗಲು ಮಾತ್ರ ಕಸ್ತೂರಿಗೆ ಧೈರ್ಯ ಬೇಕಾಯಿತು. ಗುರುಶಾಂತಮ್ಮ ಹಿಟ್ಟು ನಾದುತ್ತಿದ್ದಳು. ಕಸ್ತೂರಿ ತುಂಬಿದ ತೆನೆಯನ್ನೂ ಬೋಳು ತೆನೆಯನ್ನೂ ಅವಳ ಮುಂದೆ ಇಟ್ಟಳು.

"ವೈನಿ, ಇದು ಹರಿದ ಕಡೀದು, ಇದು ಮುಚ್ಚಿದ ಕಡೀದು. ಎರಡೂ ಕಡಿ ಬಿತ್ತಿದ್ದು ಇದೇ ಕೈ ನೋಡ್ರಿ."

ಗುರುಶಾಂತಮ್ಮನ ಕೈ ಹಿಟ್ಟಿನಲ್ಲಿ ನಿಂತಿತು. ತುಂಬಿದ ತೆನೆಯನ್ನೇ ನೋಡಿದಳು. "ಗಡಿಗ್ಯಾಗ ಬೀಜ ಉಳದಾವಲ್ಲ," ಎಂದಳು. "ಬರೋ ಥಂಡ್ಯಾಗ ಇನ್ನೊಮ್ಮೆ ಹಾಕು. ಆದ್ರ ಕಸ್ತೂರಿ, ಅದು ಮಂಟಪ. ಹೊಲದ ಮಾತು ಬ್ಯಾರೆ."

ಮಳೆಗಾಲ ಕಳೆದು ಜೋಳದ ಬಿತ್ತಿಗೆ ಬಂತು. ಕಸ್ತೂರಿ ಎಂದಿನಂತೆ ರೊಟ್ಟಿ ಬಡಿದು, ಬುತ್ತಿ ಹೊತ್ತು ಹೋಗಿ, ಬನ್ನಿಗಿಡದ ಬುಡದಲ್ಲಿ ಕೂತಳು. ಸೆರಗಿನೊಳಗೆ ಕೈ ಮುಷ್ಟಿ ಕಟ್ಟಿತು. ಅದು ಹೊಸದೇನಲ್ಲ.

ಆ ಚಳಿಗಾಲ ಗಡಿಗೆಯ ಬೀಜ ಹಾಕಿ, ಅವಳು ಪ್ಲಾಸ್ಟಿಕ್ ಮನೆಯ ಎರಡೂ ಬಾಗಿಲನ್ನು ಬೆಳಗಾದರೆ ಎತ್ತಿ ಕಟ್ಟಿದಳು. ಚಳಿಯ ಸಂಜೆ ಮಾತ್ರ ಇಳಿಬಿಟ್ಟಳು. ಸೂಲಂಗಿ ಒಡೆದ ಮೇಲೆ ಅವಳಿಗೆ ದಿನಾ ಒಂದು ಹೊಸ ಕೆಲಸ. ಇಬ್ಬನಿ ಆರಿ ಪುಡಿ ಉದುರುವ ಹೊತ್ತಿಗೆ ಒಳಗೆ ಹೋಗಿ ಗಿಡ ಗಿಡದ ನಡ ಹಿಡಿದು ಮೆಲ್ಲಗೆ ಅಲುಗಿಸುವುದು. ಕಣದಲ್ಲಿ ಗಾಳಿ ಬೀಳದ ದಿನ ಹೆಂಗಸರು ಮೊರ ಬೀಸಿ ಗಾಳಿ ಮಾಡಿಕೊಳ್ಳುವುದಿಲ್ಲವೇ, ಹಾಗೆ ಮೊರ ಹಿಡಿದು ಸ್ವಲ್ಪ ಸ್ವಲ್ಪವೇ ಬೀಸುವುದು. ಆಗ ಒಳಗಿನ ಹಾಲುಬೆಳಕೆಲ್ಲ ಹಳದಿಯಾಗುತ್ತಿತ್ತು. ಪುಡಿ ಎದ್ದು, ತೇಲಿ, ಯಾವ ಅವಸರವೂ ಇಲ್ಲದೆ ಇಳಿದು ತೆನೆಗಳ ಒದ್ದೆ ಕೂದಲಿನ ಮೇಲೆ ಕೂರುತ್ತಿತ್ತು. ಒಂದು ಗಿಡದ್ದು ಇನ್ನೊಂದಕ್ಕೆ, ಈ ಕಡೆಯದು ಆ ಕಡೆಗೆ. ಚೌಕಾಗಿ ಯಾಕೆ ಹಾಕಬೇಕೆಂಬ ಅಣ್ಣನ ಇನ್ನೊಂದರ್ಧ ಅವಳಿಗೆ ಆಗ ತಿಳಿಯಿತು. ಬೀಸುತ್ತ ಬೀಸುತ್ತ ಬೀಸುಕಲ್ಲಿನ ಮುಂದೆ ತಾಯಿ ಹಾಡುತ್ತಿದ್ದ ಧಾಟಿಯೊಂದು ಬಾಯಿಗೆ ಬಂತು. ಪದಗಳು ನೆನಪಿರಲಿಲ್ಲ, ಧಾಟಿಯೊಂದೇ ಸಾಕಾಗಿತ್ತು. ತಾನು ಹೆಂಗಸೋ ಗಿಡವೋ ಗಾಳಿಯೋ ಎಂಬುದು ಆ ಹೊತ್ತಿನಲ್ಲಿ ಅವಳಿಗೆ ಮರೆತುಹೋಗುತ್ತಿತ್ತು. ಮರೆತದ್ದು ಎಷ್ಟು ಚೆನ್ನಾಗಿತ್ತೆಂದರೆ, ಹಿಂದಿರುಗಿ ಕಸ್ತೂರಿಯಾಗಲು ಅವಳಿಗೆ ಮನಸ್ಸೇ ಬರುತ್ತಿರಲಿಲ್ಲ.

ಒಂದು ದಿನ ಹಾಗೆಯೇ ಬೀಸುತ್ತ ತಿರುಗಿದಾಗ ಬಾಗಿಲಲ್ಲಿ ಗುರುಶಾಂತಮ್ಮ ನಿಂತಿದ್ದಳು. ಉಣ್ಣಲು ಕರೆಯಲು ಬಂದವಳು ಯಾವಾಗಿನಿಂದ ನಿಂತಿದ್ದಳೋ, ಅವಳ ತಲೆಯ ಮೇಲೂ ಹಳದಿ ಪುಡಿ ಬಿದ್ದಿತ್ತು. ಕಸ್ತೂರಿಗೆ ನಾಚಿಕೆಯಾಯಿತು.

"ರೊಟ್ಟಿ ಆರಾಕತ್ತಾವ," ಎಂದಳು ಗುರುಶಾಂತಮ್ಮ. ಆದರೆ ಹೋಗಲಿಲ್ಲ. ಆಮೇಲೆ, "ಇನ್ನೊಂದು ಮೊರ ಐತೇನು? ನಾನೂ ಜರಾ ಬೀಸ್ತೇನಿ," ಎಂದಳು.

ಇಬ್ಬರೂ ಗಿಡಗಳ ಆಚೀಚೆ ನಿಂತು ಬೀಸಿದರು. ರೊಟ್ಟಿ ಆರಿತು.

ತೆನೆಯ ಕೂದಲು ಕಂದಾದಾಗ ಕಸ್ತೂರಿ ಸಿಪ್ಪೆಯ ತುದಿ ಸರಿಸಿ ಒಂದು ಕಾಳಿಗೆ ಉಗುರು ಚುಚ್ಚಿದಳು. ಹಾಲು ಚಿಮ್ಮಿ ಕೆನ್ನೆಗೆ ಬಿತ್ತು. ಅಂಗಳದಲ್ಲಿ ಮತ್ತೆ ಕಲ್ಲೊಲೆ ಹೂಡಿದರು, ಮತ್ತೆ ಎಲ್ಲರೂ ಬಂದರು, ಈ ಸಲ ಖಾಸೀಂಬಿಯೂ ಬಂದಳು, ಆಡು ಕರೆಯದೆಯೇ ಬಂತು. ನೀರು ಕುದಿಯುವ ಮೊದಲೇ ಮಕ್ಕಳು ಹಸಿ ತೆನೆಗೆ ಬಾಯಿ ಹಾಕಿದ್ದವು. "ಸಕ್ರಿ ಹಾಕಿ ಬೆಳೆಸೀಯೇನ್ ಬೇ?" ಎಂದಳು ಖಾಸೀಂಬಿ. ಲಾಡ್ಲೆಸಾಬ ತಿನ್ನುತ್ತ ತಿನ್ನುತ್ತ, "ನಾ ಕಟ್ಟಿದ ಮಂಟಪದಾಗ ಇಷ್ಟು ಛಲೋ ಲಗ್ನ ಒಂದೂ ಆಗಿಲ್ಲ," ಎಂದ. ಬಸವಂತರಾಯ ಇದೆಲ್ಲ ತನ್ನ ತಲೆಯಿಂದಲೇ ಹುಟ್ಟಿದ್ದೆಂದು ಓಣಿಗೆಲ್ಲ ಹೇಳಿಕೊಂಡು ಬಂದ. ಅದೂ ಅರ್ಧ ನಿಜವೇ. ಹಿಂದಿನ ವರ್ಷ ಮಾತು ಅರ್ಧಕ್ಕೆ ನಿಲ್ಲಿಸಿದ್ದ ಹೆಂಗಸು ಎರಡು ತೆನೆ ತಿಂದು ಮೂರನೆಯದನ್ನು ಸೆರಗಿಗೆ ಕಟ್ಟಿಕೊಂಡಳು. ಗುರುಶಾಂತಮ್ಮ ಕಂಬಕ್ಕೆ ಒರಗಿ ಕೂತು ಒಂದೊಂದೇ ಕಾಳು ಬಿಡಿಸಿಕೊಂಡು ನಿಧಾನಕ್ಕೆ ತಿಂದಳು. ಅವಳ ಮುಖ ನೋಡಿ ಏನನ್ನೂ ತಿಳಿಯುವ ಹಾಗಿರಲಿಲ್ಲ.

ಬೇಸಗೆ ಬಂದು ಹೋಯಿತು. ಭೀಮೆ ತುಂಬಿ ಇಳಿಯಿತು. ಕರಿ ನೆಲ ಹದಕ್ಕೆ ಬಂದು, ಬಿತ್ತಿಗೆಯ ದಿನ ಗೊತ್ತಾಯಿತು.

ಆ ದಿನ ನಸುಕಿನಲ್ಲಿ ಕಸ್ತೂರಿ ರೊಟ್ಟಿ ಬಡಿಯಲೆಂದು ಎದ್ದಾಗ ಅಡಿಗೆಮನೆಯಲ್ಲಿ ಆಗಲೇ ಒಲೆ ಉರಿಯುತ್ತಿತ್ತು. ಗುರುಶಾಂತಮ್ಮ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ನೆರಳು ಬಿದ್ದರೂ ತಲೆ ಎತ್ತಲಿಲ್ಲ.

"ಯಾಕ್ರಿ ವೈನಿ, ನೀವ್ಯಾಕ... ನಾ ಬಡಿತೇನಲ್ಲ."

"ನೀ ಬಡಿದ್ರ ಸುಡ್ತಾವ," ಎಂದಳು ಗುರುಶಾಂತಮ್ಮ. ರೊಟ್ಟಿಯನ್ನು ಹೆಂಚಿನ ಮೇಲೆ ಹಾಕಿ, ನೀರು ಸವರಿ, ಅದನ್ನೇ ನೋಡುತ್ತ ಅಂದಳು: "ಬೀಜ ಅಲ್ಲಿ ಮೊರದಾಗ ಹಾಕಿಟ್ಟೇನಿ. ಹಸರು ಸೀರಿ ಉಟ್ಕೊಂಡು ಹೋಗು. ಎತ್ತು ಕಟ್ಟ್ಯಾರ, ಹೊತ್ತಾಗಾಕತ್ತದ."

ಕಸ್ತೂರಿ ನಿಂತಲ್ಲೇ ನಿಂತುಬಿಟ್ಟಳು.

"ಹೋಗ್ ಬೇ," ಎಂದಳು ಗುರುಶಾಂತಮ್ಮ.

ತ್ಯಾಪಿ ಹಚ್ಚಿದ ಇಳಕಲ್ ಸೀರೆಯ ಉಡಿಯಲ್ಲಿ ಜೋಳ ಕಟ್ಟಿಕೊಂಡು ಕಸ್ತೂರಿಬಾಯಿ ಬದು ದಾಟಿದಳು. ಅಣ್ಣ ಕೂರಿಗೆ ಹಿಡಿದು ನಿಂತಿದ್ದ. ತಿರುಗಿ ನೋಡಿದ, ಎತ್ತುಗಳಿಗೆ "ಹೋ" ಅಂದ. ಅವಳ ಬೆರಳ ಸಂದಿಯಿಂದ ಮೊದಲ ಹಿಡಿ ಜೋಳ ಬಟ್ಟಲಿಗೆ ಬಿದ್ದು, ಸಣ್ಣಗೆ ಸದ್ದು ಮಾಡುತ್ತ ಮಣ್ಣಿಗೆ ಇಳಿಯಿತು. ಆಮೇಲೆ ಅವಳಿಗೆ ನೆನಪಿರುವುದು ಕಾಲ ಕೆಳಗಿನ ತಂಪು ಮಣ್ಣು, ಎತ್ತಿನ ಉಸಿರು, ಹೊಳೆಯ ಕಡೆಯಿಂದ ಬೀಸುತ್ತಿದ್ದ ಗಾಳಿ, ಇಷ್ಟೇ. ಒಂದು ಸಾಲು ಮುಗಿದು ಇನ್ನೊಂದು ಹಿಡಿದದ್ದೂ ಕನಸಿನಲ್ಲಿ ನಡೆದಂತೆ ನಡೆದುಹೋಯಿತು. ಆದರೆ ಒಂದು ಕಾಳೂ ದಾರಿ ತಪ್ಪಲಿಲ್ಲ.

ಹೊತ್ತು ನೆತ್ತಿಗೆ ಬಂದಾಗ ತಲೆಯೆತ್ತಿ ನೋಡಿದಳು. ಬದುವಿನ ಆಚೆ, ಬನ್ನಿಗಿಡದ ಬುಡದಲ್ಲಿ, ಮಡಿಲಲ್ಲಿ ಬುತ್ತಿ ಇಟ್ಟುಕೊಂಡು ಗುರುಶಾಂತಮ್ಮ ಕೂತಿದ್ದಳು. ಕಸ್ತೂರಿ ಸಾಲು ಮುಗಿಸಿ ಬರುವವರೆಗೆ ಅವಳು ಬುತ್ತಿ ಬಿಚ್ಚಲಿಲ್ಲ.